ಎಲ್ಲ ಬಿಲ್ಲೆಗಳೂ ಕೊಕ್ಕೆಯಲ್ಲಿ

ಫೆಬ್ರವರಿ ೩

ಹಡಗು ಕಂಪನಿಯ ಏಜೆಂಟರು ಪ್ರತಿವರ್ಷ ಬಂದರಿನ ಗೇಟಿನ ಪಕ್ಕದ ನನ್ನ ಕಿಟಕಿಗೆ ಒಂದು ಡೈರಿ ಕೊಟ್ಟು ಹೋಗುತ್ತಾರೆ. ಪ್ರತಿವರ್ಷ ಅದನ್ನು ತಮ್ಮ ಎತ್ತಿಕೊಂಡು ಹೋಗುತ್ತಿದ್ದ. "ನಿನಗ್ಯಾಕೆ ಅಕ್ಕ ಇದು? ಬೆಳಗಿಂದ ಸಂಜೆತನಕ ಒಂದು ಕಿಟಕಿ. ಬರೆಯೋಕೆ ಏನಿದೆ?" ಎನ್ನುತ್ತಿದ್ದ. ಈ ವರ್ಷ ಅದು ಮೇಜಿನ ಮೇಲೆ ಹಾಗೇ ಉಳಿದುಬಿಟ್ಟಿತ್ತು. ಧೂಳು ಹಿಡಿಯುವುದನ್ನು ನೋಡಲಾರದೆ ಮನೆಗೆ ತಂದೆ.

ಇವತ್ತು ಬರೆಯಲು ಏನೂ ಇಲ್ಲ. ಅವನು ಹೇಳಿದ್ದು ಸರಿ.

ಫೆಬ್ರವರಿ ೫

ಕೆಲಸಕ್ಕೆ ಹೋದೆ. ದೊಡ್ಡ ರಸ್ತೆಯಲ್ಲಿ ಸುತ್ತು ಹಾಕಿ ಮನೆಗೆ ಬಂದೆ.

"ಯಾಕಿಷ್ಟು ತಡ ಅತ್ತಿಗೆ? ಕಡಲ ದಾರೀಲಿ ಬಂದಿದ್ರೆ..." ಎಂದು ತಮ್ಮನ ಹೆಂಡತಿ ಅರ್ಧಕ್ಕೇ ನಿಲ್ಲಿಸಿದಳು. ಕಡಲ ದಾರಿಯಲ್ಲಿ ಬಂದರೆ ಬೇಲಿಯ ಆಚೆ ದೋಣಿ ನಿಲ್ಲಿಸುವ ಹಳೆ ಧಕ್ಕೆ ಕಾಣುತ್ತದೆ.

ಫೆಬ್ರವರಿ ೧೧

ಬಂದರಿಗೆ ಹೊಸ ಭದ್ರತಾ ಅಧಿಕಾರಿ ಬಂದಿದ್ದಾರೆ. ಹೆಂಗಸು, ನನಗಿಂತ ಚಿಕ್ಕವರು. ಬಂದ ದಿನವೇ ಇಡೀ ಬಂದರನ್ನು ನಡೆದು ನೋಡಿದರಂತೆ. ಚಪ್ಪಲಿಯ ಬಾರು ಕಿತ್ತುಹೋಗಿ, ಪಿನ್ನು ಹಾಕಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು. ಪಕ್ಕದ ಗೋಡೆಯ ಮೇಲಿರುವ ಹಲಗೆ ನೋಡಿ ಇದೇನೆಂದು ಕೇಳಿದರು.

ಬಿಲ್ಲೆಗಳ ಹಲಗೆ ಎಂದೆ. ಬಂದರಿನ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಹಿತ್ತಾಳೆ ಬಿಲ್ಲೆ, ಒಂದು ಕೊಕ್ಕೆ. ಒಳಗೆ ಹೋಗುವಾಗ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹೊರಗೆ ಬರುವಾಗ ತಗುಲಿಸಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ.

"ಮತ್ತೆ ಈಗ ಎಲ್ಲಾ ಕೊಕ್ಕೆನೂ ತುಂಬಿದೆಯಲ್ಲ ಅಕ್ಕ? ಒಳಗೆ ಅಷ್ಟೊಂದು ಜನ ಇದಾರೆ."

"ಯಾರೂ ತಗೊಳ್ಳಲ್ಲ ಮೇಡಂ. ಎಲ್ಲರಿಗೂ ಎಲ್ಲರ ಮುಖ ಗೊತ್ತು."

ಅವರು ಹೋದ ಮೇಲೆ ತಮ್ಮನ ಬಿಲ್ಲೆಯನ್ನು ಒರೆಸಿದೆ. ಅದು ಇನ್ನೂ ಅಲ್ಲೇ ಇದೆ, ತೆಗೆಯುವ ಮನಸ್ಸು ಯಾರಿಗೂ ಬಂದಿಲ್ಲ. ಅವನದು ಹಡಗಿನ ಹಗ್ಗ ಕಟ್ಟುವ ಕೆಲಸ. ಕಳೆದ ವರ್ಷ ಒಂದು ಮುಸ್ಸಂಜೆ, ಹಳೆ ಧಕ್ಕೆಯಲ್ಲಿ ನಿಲ್ಲಿಸಿದ್ದ ದೋಣಿಯ ಹಗ್ಗ ನೋಡಿ ಬರುತ್ತೇನೆಂದು ಒಬ್ಬನೇ ಹೋದ. ಅಲ್ಲಿ ದೀಪವಿಲ್ಲ. ಪಾಚಿಗೆ ಕಾಲು ಜಾರಿತೋ, ಧಕ್ಕೆಯ ಹಲಗೆ ಮುರಿಯಿತೋ, ಕಂಡವರಿಲ್ಲ. ನಾವು ಮನೆಯಲ್ಲಿ, ಕೆಲಸ ಮುಗಿದಿಲ್ಲವೇನೋ ಎಂದುಕೊಂಡೆವು. ಬಂದರಿನವರು, ಬಿಲ್ಲೆ ಕೊಕ್ಕೆಯಲ್ಲಿದೆ, ಮನೆಗೆ ಹೋಗಿರಬೇಕು ಎಂದುಕೊಂಡರು. ಬೆಳಿಗ್ಗೆ ಅವನನ್ನು ನೀರಿನಲ್ಲಿ ಕಂಡವರು ಕ್ರೇನಜ್ಜ, ಹಿಂದೆ ಇಲ್ಲಿ ಕ್ರೇನು ನಡೆಸುತ್ತಿದ್ದವರು. ಬಹಳ ಹೊತ್ತು ಹಗ್ಗ ಹಿಡಿದುಕೊಂಡಿದ್ದನಂತೆ. ಅಂಗೈ ನೋಡಿದರೆ ಗೊತ್ತಾಗುತ್ತಿತ್ತು.

ಫೆಬ್ರವರಿ ೧೯

ಮೇಡಂ ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿ, ಚಹಾ ಕೊಡಿಸಿ, ವಿಷಯ ಹೇಳಿದರು. ಬಂದರುಗಳ ಭದ್ರತೆಗೆಂದು ಸರ್ಕಾರ ಅನುದಾನ ಕೊಡುತ್ತದೆ. ಬೇಲಿ, ದೀಪ, ಕ್ಯಾಮೆರಾ, ಗಸ್ತು ದೋಣಿ, ಇಂಥವಕ್ಕೆ. ಕೇಳಿದವರಿಗೆಲ್ಲ ಸಿಗುವುದಿಲ್ಲ. ಯಾವ ಬಂದರಿಗೆ ಅಪಾಯ ಹೆಚ್ಚು, ಕೊಟ್ಟದ್ದನ್ನು ಯಾರು ಸರಿಯಾಗಿ ಬಳಸುತ್ತಾರೆ ಎಂದು ತೂಗಿ ನೋಡಿ ಕೊಡುತ್ತಾರೆ.

ನಾವು ಹಿಂದೆಯೂ ಅರ್ಜಿ ಹಾಕಿದ್ದೆವಂತೆ. ಪ್ರತಿಸಲವೂ ಇಲ್ಲವೆಂದು ಉತ್ತರ ಬಂದಿತ್ತಂತೆ. ಯಾಕೆಂದು ಮೇಡಂ ಹಳೆಯ ಅರ್ಜಿಯನ್ನು ಓದಿ ತೋರಿಸಿದರು. ಬಂದರಿನಲ್ಲಿರುವ ಕೊರತೆಗಳೇನು ಎಂದು ಕೇಳಿದ ಕಡೆ ಹಿಂದಿನ ಅಧಿಕಾರಿಗಳು, "ನಮ್ಮ ಬಂದರಿನಲ್ಲಿ ಯಾವ ಕೊರತೆಯೂ ಇರುವುದಿಲ್ಲ, ಸಕಲವೂ ಅಚ್ಚುಕಟ್ಟಾಗಿದೆ" ಎಂದು ಬರೆದಿದ್ದರು. ಮರ್ಯಾದೆ ಹೋಗಬಾರದಲ್ಲ.

ಹಮಾಲರ ಮುಖಂಡನನ್ನು ನಾವು ಗುಡುಗು ಎನ್ನುತ್ತೇವೆ. ಅವನು ಮೆಲ್ಲಗೆ ಮಾತಾಡಿದರೂ ಧಕ್ಕೆಯ ಆ ತುದಿಗೆ ಕೇಳುತ್ತದೆ. "ಹೊಟ್ಟೆ ತುಂಬಿದೆ ಅಂದೋನಿಗೆ ಯಾರು ಬಡಿಸ್ತಾರೆ ಮೇಡಂ?" ಎಂದ. ಎಲ್ಲರೂ ನಕ್ಕರು.

ಕ್ರೇನಜ್ಜ ಎದ್ದು ನಿಂತು, "ಹಳೆ ಧಕ್ಕೆಗೆ ದೀಪ ಬರುತ್ತಾ?" ಎಂದು ಕೇಳಿದರು.

"ಮೊದಲನೇ ದೀಪ ಅಲ್ಲೇ," ಎಂದರು ಮೇಡಂ.

ನಾನು ಚಹಾದ ಲೋಟ ಕೆಳಗಿಟ್ಟು ಕಿಟಕಿಗೆ ಬಂದುಬಿಟ್ಟೆ.

ಫೆಬ್ರವರಿ ೨೭

ಮೇಡಂ ಕಿಟಕಿಗೆ ಬಂದರು. ಅರ್ಜಿಯಲ್ಲಿ ಅಪಾಯವೇನೆಂದು ವಿವರಿಸಬೇಕಂತೆ. ತಮ್ಮನ ವಿಷಯ ಬರೆಯಲು ನನ್ನ ಒಪ್ಪಿಗೆ ಬೇಕಂತೆ. "ನಿಮ್ಮ ಮಾತಲ್ಲೇ ಹೇಳಿ ಅಕ್ಕ, ನಾನು ಬರ್ಕೋತೀನಿ."

ಆಗುವುದಿಲ್ಲ ಎಂದೆ. ಸತ್ತವನನ್ನು ತೋರಿಸಿ ದೀಪ ಕೇಳುವುದು ಭಿಕ್ಷೆ ಬೇಡಿದಂತೆ ಅನಿಸಿತು.

ಮನೆಯಲ್ಲಿ ಹೇಳಿದೆ. ತಮ್ಮನ ಹೆಂಡತಿ ದರ್ಜಿ ಅಂಗಡಿಯಿಂದ ತಂದ ರವಿಕೆಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡೇ, "ಭಿಕ್ಷೆ ಯಾಕಾಗುತ್ತೆ ಅತ್ತಿಗೆ? ಅವರು ಇದ್ದಿದ್ರೆ ಮೇಜು ಕುಟ್ಟಿ ಕೇಳ್ತಿದ್ರು. ಈಗ ಅವರಿಲ್ಲ, ನೀವು ಕುಟ್ಟಿ," ಎಂದಳು.

ಮಾರ್ಚ್ ೪

ಮೇಡಂಗೆ ಒಂದೇ ಮಾತು ಹೇಳಿದೆ. ಅವರು ಹಾಗೇ ಬರೆದುಕೊಂಡರು. "ಅವನು ಒಳಗಿದ್ದಾಗ ಹಲಗೆ ಹೊರಗಿದ್ದಾನೆ ಎಂದಿತು; ದೀಪವಿದ್ದಿದ್ದರೆ ಹಲಗೆ ಸುಳ್ಳು ಹೇಳುತ್ತಿದೆ ಎಂದು ಯಾರಿಗಾದರೂ ಕಾಣುತ್ತಿತ್ತು."

ಮೇಜು ಕುಟ್ಟಲಿಲ್ಲ.

ಏಪ್ರಿಲ್ ೧೫

ಅರ್ಜಿ ಮೊದಲ ಸುತ್ತು ದಾಟಿತು. ಗುಡುಗು ಕಿಟಕಿಯ ಮುಂದೆ ಬಂದು ನನ್ನ ಕಿವಿ ಗುಂಯ್ ಎನ್ನುವಂತೆ ಸುದ್ದಿ ಹೇಳಿದ. ಇನ್ನು ಪರೀಕ್ಷಕರು ಬರುತ್ತಾರೆ. ಯಾವತ್ತು ಎಂದು ಹೇಳುವುದಿಲ್ಲ. ಸಂಬಂಧವಿಲ್ಲದವರನ್ನು ಒಳಗೆ ನುಗ್ಗಿಸಿ ನೋಡುತ್ತಾರಂತೆ, ನಾವು ಹಿಡಿಯುತ್ತೇವೋ ಬಿಡುತ್ತೇವೋ ಎಂದು.

ಎಲ್ಲರಿಗೂ ಪೊಲೀಸರಾದ ಹುರುಪು. ಇವತ್ತು ಹೊಸ ಅಂಚೆಯವನನ್ನು ಹಿಡಿದು ಕೂರಿಸಿದ್ದರು. ಅವನು ಅಳುವುದೊಂದು ಬಾಕಿ.

ಮೇ ೨

ಸೋತೆವು.

ಬೆಳಿಗ್ಗೆ ಗಡ್ಡದವನೊಬ್ಬ ಬೇಲಿಯ ಹತ್ತಿರ ಸುಳಿದಾಡುತ್ತಿದ್ದ. ಎಲ್ಲರೂ ಅವನ ಮೇಲೆಯೇ ಕಣ್ಣಿಟ್ಟರು. ಅವನು ಮೇಕೆ ಹುಡುಕಲು ಬಂದವನು. ಅಷ್ಟರಲ್ಲಿ ಕ್ರೇನಜ್ಜ ಗೇಟಿನಲ್ಲಿ ಒಳಗೆ ಹೋದರು. ಅವರು ನಿವೃತ್ತರಾಗಿ ಯಾವ ಕಾಲವಾಯಿತೋ, ಆದರೂ ದಿನಾ ಬರುತ್ತಾರೆ. ಮನೆಯಲ್ಲಿ ಕೂತರೆ ಸೊಸೆ ತರಕಾರಿ ಹೆಚ್ಚಲು ಹಚ್ಚುತ್ತಾಳೆಂಬ ಭಯ. ಇವತ್ತು ಅವರ ಕೈಯಲ್ಲೊಂದು ಕೆಂಪು ಡಬ್ಬಿಯಿತ್ತು. ಗೇಟಿನ ಕಾವಲುಗಾರ ಅಡ್ಡಗಂಬ ಎತ್ತಿ ನಮಸ್ಕಾರ ಮಾಡಿದ. ನಾನು ತಲೆಯನ್ನೇ ಎತ್ತಲಿಲ್ಲ. ಹಮಾಲರು ಚಹಾ ಕೊಟ್ಟರು. ಗುಡುಗು, ಭಾರವಿದೆಯಾ ಅಜ್ಜ ಎಂದು ಡಬ್ಬಿಯನ್ನು ತಾನೇ ಹೊತ್ತು ಎಣ್ಣೆ ಟ್ಯಾಂಕಿನ ಪಕ್ಕದಲ್ಲಿ ಇಟ್ಟುಕೊಟ್ಟ.

ಡಬ್ಬಿ ಪರೀಕ್ಷಕರು ಕೊಟ್ಟು ಕಳಿಸಿದ್ದು, ಒಳಗೆ ಒಂದು ಚೀಟಿ. "ಇದು ಬಾಂಬು."

ಪರೀಕ್ಷಕರಲ್ಲಿ ಹಿರಿಯರು ದಪ್ಪ ಕನ್ನಡಕದವರು. ಜೋರು ಮಾಡಲಿಲ್ಲ. "ನಿಮ್ಮ ಬಂದರಲ್ಲಿ ಬಾಂಬು ಹೊತ್ತು ತಂದವರಿಗೆ ಕೂಲಿಯವರೂ ಸಿಗ್ತಾರೆ, ಚಹಾನೂ ಸಿಗುತ್ತೆ," ಎಂದರು. ಆಮೇಲೆ ಮೇಡಂಗೆ ಹೇಳಿದರು: "ಬೇಲಿ ಕೊಡಬಹುದು, ಕ್ಯಾಮೆರಾ ಕೊಡಬಹುದು. ನೋಡೋ ಅಭ್ಯಾಸವನ್ನ ಯಾವ ಇಲಾಖೆ ಮಂಜೂರು ಮಾಡುತ್ತೆ?"

ಕ್ರೇನಜ್ಜ ಕಲ್ಲಿನ ಮೇಲೆ ಕೂತು ಅತ್ತರು. "ಯಾರಾದ್ರೂ ತಡೀತಾರೆ, ನಾವು ಗೆಲ್ತೀವಿ ಅಂತಾನೇ ಒಪ್ಕೊಂಡೆ ಕಣಮ್ಮ. ಒಬ್ಬರೂ ತಡೀಲಿಲ್ಲ. ಗೇಟಿಂದ ಟ್ಯಾಂಕಿನವರೆಗೂ ದೇವರೇ, ಯಾರಾದ್ರೂ ತಡೀಲಿ ಅನ್ಕೊಂಡೇ ನಡೆದೆ."

ಮೇ ೩

ಊಟ ಸೇರಲಿಲ್ಲ.

ಮೇ ೯

ಮೇಡಂ ಮೂರು ದಿನ ಇಲಾಖೆಯ ಬಾಗಿಲು ಕಾದು ಇನ್ನೊಂದು ಅವಕಾಶ ತಂದಿದ್ದಾರೆ. ಮತ್ತೊಮ್ಮೆ ಬರುತ್ತಾರೆ, ಯಾವತ್ತೆಂದು ಗೊತ್ತಿಲ್ಲ. ಈ ಸಲ ತಪ್ಪಿದರೆ ನಮ್ಮ ಪಾಲು ಬೇರೆ ಬಂದರಿಗೆ ಹೋಗುತ್ತದೆ.

"ಏನು ಮಾಡೋಣ ಅಂತ ನನಗೇ ಗೊತ್ತಾಗ್ತಿಲ್ಲ ಅಕ್ಕ. ಹೊಸ ಮುಖ ಬಂದ್ರೆ ಹಿಡೀತಾರೆ. ಹಳೇ ಮುಖ ಬಂದ್ರೆ ಕಾಲಿಗೆ ಬೀಳ್ತಾರೆ."

ನಾನು ಹಲಗೆಯ ಕಡೆ ನೋಡಿದೆ. ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ ತಂದಿತು. "ನಾಳೆಯಿಂದ ಬಿಲ್ಲೆ ಇಲ್ಲದೆ ಯಾರನ್ನೂ ಬಿಡಲ್ಲ ಮೇಡಂ. ನಿಮ್ಮನ್ನೂ."

ಮೇ ೧೦

ಕಾವಲುಗಾರನಿಗೆ ಹೇಳಿಟ್ಟಿದ್ದೆ, ನಾನು ಗಂಟೆ ಬಾರಿಸದೆ ಅಡ್ಡಗಂಬ ಎತ್ತಬಾರದು ಎಂದು. ಬೆಳಿಗ್ಗೆ ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಗುಡುಗು ಕಿಟಕಿಗೆ ಮುಖ ಹಾಕಿದ.

"ಕಿಟಕಿ ಅಕ್ಕ, ನನ್ನ ಮುಖ ಮರೆತುಹೋಯ್ತಾ?"

"ಮರೆತಿಲ್ಲಪ್ಪ. ಮುಖಾನ ಕೊಕ್ಕೆಗೆ ತಗುಲಿಸೋಕಾಗಲ್ಲ. ಬಿಲ್ಲೆ ತಗೋ."

"ಹುಟ್ಟಿದಾಗಿಂದ ಇದೇ ಗೇಟಲ್ಲಿ ಓಡಾಡ್ತಿದೀನಿ."

"ಹಾಗಾದ್ರೆ ಹುಟ್ಟಿದಾಗಿಂದ ತಪ್ಪು ಮಾಡ್ತಿದೀಯ."

ಹಿಂದಿದ್ದವರು ನಕ್ಕರು. ಅವನು ಬಿಲ್ಲೆ ಕಿತ್ತುಕೊಂಡು ಹೋದ. ಸಂಜೆ ತಗುಲಿಸದೆ ಹಾಗೇ ಹೊರಟಿದ್ದ. ಕೂಗಿ ಕರೆದೆ. ಅಷ್ಟು ಜೋರಾಗಿ ಕೂಗಿ ಎಷ್ಟು ಕಾಲವಾಗಿತ್ತೋ, ಗಂಟಲು ನೋಯುತ್ತಿದೆ.

ಮೇ ೨೪

ನನ್ನ ಮೇಲೆ ದೂರು ಹೋಗಿದೆಯಂತೆ. "ಗೇಟಿನಲ್ಲಿ ಅತ್ತೆಯ ಕಾಟ" ಎಂದು ಯಾರೋ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಅಕ್ಷರ ಚೆನ್ನಾಗಿತ್ತು, ಅಳಿಸಲಿಲ್ಲ.

ಕ್ರೇನಜ್ಜನಿಗೆ ಕೆಲಸಗಾರರ ಬಿಲ್ಲೆ ಇಲ್ಲ, ಅತಿಥಿಗಳ ಬಿಲ್ಲೆ ಕೊಡಬೇಕು. ಬಂದ ಕಾರಣ ಹೇಳಬೇಕು. ಇವತ್ತು ಹೇಳಿದ ಕಾರಣ: "ಸೊಸೆ ಬದನೆಕಾಯಿ ತಂದಿದಾಳೆ." ಬರೆದುಕೊಂಡೆ. ಅಜ್ಜ ಬಿಲ್ಲೆಯನ್ನು ಪದಕದಂತೆ ಅಂಗಿಗೆ ಸಿಕ್ಕಿಸಿಕೊಂಡು ಹೋದರು.

ಜೂನ್ ೧೮

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಂಜೆ ಎಲ್ಲರೂ ಹೋದರು. ಕಿಟಕಿ ಮುಚ್ಚುವ ಮೊದಲು ಹಲಗೆ ನೋಡಿದೆ. ಒಂದು ಕೊಕ್ಕೆ ಖಾಲಿ. ಗುಡುಗಿನದು.

ಕಾವಲುಗಾರ, "ಮರೆತು ಜೇಬಲ್ಲೇ ಇಟ್ಕೊಂಡು ಹೋಗಿರ್ತಾನೆ, ನಾಳೆ ಬೈದ್ರಾಯ್ತು, ಮನೆಗೆ ಹೋಗಿ," ಎಂದ. ಹೋದ ವರ್ಷವೂ ಯಾರೋ ಹೀಗೇ ಮನೆಗೆ ಹೋಗಿರುತ್ತಾನೆ ಎಂದಿದ್ದರು. ಮೇಡಂಗೆ ಫೋನು ಮಾಡಿದೆ. ಗುಡುಗಿನ ಮನೆಗೂ ಮಾಡಿಸಿದೆ. ಅವನು ಬಂದಿಲ್ಲ.

ಮೇಡಂ, ಕಾವಲುಗಾರ, ದೋಣಿಯವರು, ಮನೆಗೆ ಹೊರಟಿದ್ದ ಹಮಾಲರು, ಎಲ್ಲ ಬ್ಯಾಟರಿ ಹಿಡಿದು ಹುಡುಕಿದೆವು. ನಾನೂ ಹೋದೆ. ಹೊಸ ಧಕ್ಕೆ, ಎಣ್ಣೆ ಟ್ಯಾಂಕು, ಹಳೆ ಧಕ್ಕೆ. ಎಲ್ಲೂ ಇಲ್ಲ. ಕೊನೆಗೆ ಮೂರನೆಯ ಗೋದಾಮಿನ ಬಾಗಿಲು ಒಳಗಿನಿಂದ ಮೆಲ್ಲಗೆ ಬಡಿದಂತಾಯಿತು. ಬೀಗ ತೆಗೆದರೆ ಗುಡುಗು. ಮೂಟೆಗಳ ಹಿಂದೆ ಮಲಗಿದ್ದನಂತೆ, ನೋಡದೆ ಬೀಗ ಹಾಕಿದ್ದಾರೆ. ಎದ್ದು ಕತ್ತಲಲ್ಲಿ ತಡಕಾಡುವಾಗ ಸರಕಿನ ಪೆಟ್ಟಿಗೆ ಜಾರಿ ಕಾಲಿನ ಮೇಲೆ ಬಿದ್ದಿದೆ. ಕೂಗಿ ಕೂಗಿ ಧ್ವನಿ ಬಿದ್ದುಹೋಗಿತ್ತು.

"ನಾಳೆ ರಜ. ನಾಡಿದ್ದು ತೆಗೀತಿದ್ರು," ಎಂದು ಪಿಸುಗುಟ್ಟಿದ. ನನ್ನ ಕಡೆ ನೋಡಿ ಜೇಬಿನಿಂದ ಬಿಲ್ಲೆ ತೆಗೆದು ಕೊಟ್ಟ. "ತಗೋ ಅಕ್ಕ. ತಗುಲಿಸು."

ಅವನ ಪಿಸುಮಾತು ಕೇಳಿದ್ದು ಬಂದರಿನ ಇತಿಹಾಸದಲ್ಲೇ ಮೊದಲು ಎಂದು ಕ್ರೇನಜ್ಜ ಹೇಳಿದರು. ಕಾಲು ಮುರಿದಿಲ್ಲ, ಊದಿದೆ ಅಷ್ಟೆ.

ಮನೆಗೆ ಬಂದು ತಮ್ಮನ ಹೆಂಡತಿಗೆ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಎಲ್ಲ ಉಂಡೆ.

ಜೂನ್ ೨೦

ಗೋಡೆಯ ಮೇಲಿನ ಬರಹದಲ್ಲಿ "ಅತ್ತೆಯ ಕಾಟ" ಅಳಿಸಿ "ಅಕ್ಕನ ಕಾವಲು" ಎಂದು ತಿದ್ದಿದ್ದಾರೆ. ಅದೇ ಚೆಂದದ ಅಕ್ಷರ.

ಜುಲೈ ೧೩

ಇವತ್ತು ತಮ್ಮನ ಹುಟ್ಟಿದ ದಿನ. ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದೆ.

ಮಧ್ಯಾಹ್ನ ಕಿಟಕಿಯಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದೆ. ಹೂವಿನ ವಾಸನೆ ಬಂತು. ತಲೆಯೆತ್ತಿದರೆ ತಮ್ಮನ ಹೆಂಡತಿ. ಕೈಯಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಬಿಳಿ ಹೂವು. ಅವಳು ಎಂದೂ ಬಂದರಿಗೆ ಬಂದವಳಲ್ಲ.

"ಅತ್ತಿಗೆ, ಒಳಗೆ ಬಿಡಿ."

"ಏನಾಯ್ತು?"

"ಅವರು ಬಿದ್ದ ಜಾಗ ನೋಡ್ಬೇಕು. ಇವತ್ತಾದ್ರೂ ನೋಡ್ಬೇಕು. ಹೂ ಹಾಕಿ ಬಂದ್ಬಿಡ್ತೀನಿ."

ಹಳೆ ಧಕ್ಕೆಗೆ ಹೋಗಲು ಮೇಡಂ ಸಹಿ ಬೇಕು, ಜೊತೆಗೊಬ್ಬರು ಬೇಕು ಎಂದೆ. ಮೇಡಂ ಹೊರಗೆ ಹೋಗಿದ್ದರು.

"ನಾನ್ಯಾರು ಅಂತ ಗೊತ್ತಿಲ್ವಾ? ಒಂದೇ ಮನೇಲಿ ಉಣ್ತೀವಿ. ಗಂಡ ಸತ್ತ ಜಾಗ ನೋಡೋಕೆ ನಾನು ಸಹಿ ಹಾಕಿಸ್ಕೊಂಡು ಬರ್ಬೇಕಾ ಅತ್ತಿಗೆ?"

ಹಿಂದೆ ಹಮಾಲರು ನಿಂತಿದ್ದರು. ಕಾವಲುಗಾರ ನನ್ನ ಕಡೆ ನೋಡದೆ ಅಡ್ಡಗಂಬದ ಮೇಲೆ ಕೈಯಿಟ್ಟಿದ್ದ, ಗಂಟೆ ಬಾರಿಸಿದರೆ ಸಾಕು ಎಂಬಂತೆ. ಗುಡುಗು ಕೂಡ, "ಬಿಡು ಅಕ್ಕ, ನಾನೇ ಕರ್ಕೊಂಡು ಹೋಗ್ತೀನಿ," ಎಂದ.

ಅವಳ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ. ಅವಳ ಎಲ್ಲ ಅಳುವನ್ನೂ ನಾನು ಕಂಡಿದ್ದೇನೆ.

ನಾನು ಹೇಳಿದೆ: "ಬಿಲ್ಲೆ ಇಲ್ಲದೆ ಒಳಗೆ ಹೋದವನನ್ನ ಯಾರೂ ಹುಡುಕಲಿಲ್ಲ. ನಿನ್ನನ್ನೂ ಹಾಗೆ ಕಳಿಸ್ಲಾ? ಮೇಡಂ ಬರೋತನಕ ಇಲ್ಲೇ ಕೂತ್ಕೋ. ಸಹಿ ಆದ್ಮೇಲೆ ನಾನೇ ನಿನ್ನ ಜೊತೆ ಬರ್ತೀನಿ. ಚೀಲ ಇಲ್ಲಿ ಕೊಡು, ನೋಡ್ಬೇಕು."

"ಹೂವನ್ನೂ ನೋಡ್ತೀರಾ?"

"ಹೂವನ್ನೂ."

ಹೂವಿನ ಕೆಳಗೆ ಕೈ ಹಾಕಿದೆ. ಗಟ್ಟಿಯಾಗಿ ಏನೋ ತಾಕಿತು. ಕೆಂಪು ಡಬ್ಬಿ.

ನಾನು ಗಂಟೆ ಬಾರಿಸಿದೆ, ಅಪಾಯದ ಗಂಟೆ. ಕಾವಲುಗಾರ ಗೇಟಿಗೆ ಬೀಗ ಹಾಕಿದ. ಗುಡುಗು ಎರಡೂ ಕೈ ಚಾಚಿ ಅವಳ ಮುಂದೆ ಗೋಡೆಯಂತೆ ನಿಂತ. ಕುಂಟುಗಾಲಿನಲ್ಲೇ. ರಸ್ತೆಯ ಆಚೆ ನಿಂತಿದ್ದ ಕಾರಿನಿಂದ ದಪ್ಪ ಕನ್ನಡಕದವರು ಇಳಿದು ಬಂದರು. ಚಪ್ಪಾಳೆ ತಟ್ಟಲಿಲ್ಲ, ನಗಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಇದಕ್ಕಿಂತ ಕಷ್ಟದ ಪರೀಕ್ಷೆ ನಮ್ಮ ಹತ್ರ ಇಲ್ಲಮ್ಮ," ಎಂದರು.

ಗುಡುಗಿನ ಧ್ವನಿ ಪೂರ್ತಿ ವಾಪಸು ಬಂದಿದೆ. ಅವನು ಕೂಗಿದ್ದು ಹಡಗಿನವರಿಗೂ ಕೇಳಿ, ಏನಾಯಿತೆಂದು ಅವರು ಸೈರನ್ ಹೊಡೆದರು.

ನಾನು ಅವಳನ್ನು ಕೇಳಿದೆ, ಮನೆಯಲ್ಲಿ ಒಂದು ಮಾತು ಯಾಕೆ ಹೇಳಲಿಲ್ಲ ಎಂದು.

"ಈ ಕನ್ನಡಕದವರೇ ದರ್ಜಿ ಅಂಗಡಿಗೆ ಬಂದು ಕೇಳಿದ್ರು. ನಮ್ಮ ಅತ್ತಿಗೆ ನನ್ನನ್ನ ತಡೆಯಲ್ಲ, ನಿಮಗೆ ಬೇಕಾಗಿರೋದು ನಾವು ಸೋಲೋದು ಅಂದೆ. ಆಮೇಲೆ ಯೋಚನೆ ಮಾಡ್ದೆ. ನಿಮಗೆ ಹೇಳಿಟ್ಟಿದ್ರೆ ಅದು ನಾಟಕ ಆಗ್ತಿತ್ತು. ಅವರು ಬಿದ್ದ ಜಾಗಕ್ಕೆ ನಾಟಕ ಆಡಿ ದೀಪ ಹಾಕಿಸ್ಬಾರ್ದು."

"ಹಾಗಾದ್ರೆ ಅಷ್ಟೊಂದು ಅತ್ತಿದ್ದು ಯಾಕೆ?"

"ನೋಡ್ಬೇಕು ಅಂದಿದ್ದು ಸುಳ್ಳಲ್ಲವಲ್ಲ."

ಮೇಡಂ ಓಡಿಬಂದರು. ಈ ಸಲ ಎರಡೂ ಚಪ್ಪಲಿ ಬಿಟ್ಟೇ ಬಂದಿದ್ದರು. ಅವರು ಸಹಿ ಮಾಡಿದರು. ನಾನು ಅವಳಿಗೆ ಅತಿಥಿಯ ಬಿಲ್ಲೆ ಕೊಟ್ಟು, ನನ್ನದನ್ನು ಕೊಕ್ಕೆಯಿಂದ ತೆಗೆದುಕೊಂಡೆ. ಇಬ್ಬರೂ ಹಳೆ ಧಕ್ಕೆಗೆ ಹೋದೆವು. ಹಗಲು ಹೊತ್ತಿನಲ್ಲಿ ಅದು ಬರೀ ಒಂದು ಹಳೆ ಧಕ್ಕೆ. ಪಾಚಿ, ಮುರಿದ ಹಲಗೆ, ದೋಣಿಯ ಹಗ್ಗ ಕಟ್ಟುವ ಒಂದು ಕಬ್ಬಿಣದ ಬಳೆ. ಅವಳು ಬಳೆಗೆ ಹೂವು ಸಿಕ್ಕಿಸಿದಳು. "ಇಲ್ಲೇ ಹಿಡ್ಕೊಂಡಿದ್ರಾ?" ಎಂದಳು. ಹೌದು ಎಂದೆ. ಕಡಲು ತನ್ನ ಪಾಡಿಗೆ ತಾನಿತ್ತು.

ವಾಪಸು ಬಂದು ಇಬ್ಬರ ಬಿಲ್ಲೆಯನ್ನೂ ತಗುಲಿಸಿದೆ.

ಆಗಸ್ಟ್ ೨೬

ಮಂಜೂರಾಯಿತು. ದೀಪ, ಬೇಲಿ, ಕ್ಯಾಮೆರಾ ಕೋಣೆ, ಗಸ್ತು ದೋಣಿ, ಕೇಳಿದ್ದೆಲ್ಲ. ಮುಕ್ಕಾಲು ಪಾಲು ಸರ್ಕಾರದ್ದು, ಉಳಿದದ್ದು ಬಂದರಿನದು. ಮೇಡಂ ಆದೇಶವನ್ನು ಓದುವಾಗ ನಡುವೆ ನಿಲ್ಲಿಸಿ ನೀರು ಕುಡಿದರು. ಯಾಕೆ ಮಂಜೂರು ಮಾಡಿದ್ದಾರೆ ಎಂಬಲ್ಲಿ ನಾನು ಹೇಳಿದ ಹಲಗೆಯ ಮಾತನ್ನು ಹಾಗೇ ಎತ್ತಿ ಬರೆದಿದ್ದಾರಂತೆ.

ಹಮಾಲರು ಮೇಡಂ ಅವರನ್ನು ಹೆಗಲ ಮೇಲೆ ಎತ್ತಲು ಹೋದರು. ಅವರು ಓಡಿ ನನ್ನ ಕಿಟಕಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಬಿಲ್ಲೆ ಇಲ್ಲದೆ ಒಳಗೆ ಬಂದಿದ್ದಕ್ಕೆ ಬೈದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಕ್ಟೋಬರ್ ೨೯

ಕ್ಯಾಮೆರಾ ಕೋಣೆಯಲ್ಲಿ ಕೂತು ನೋಡುವವರು ಬೇಕು. ಕೆಲಸದಲ್ಲಿ ತೀರಿಕೊಂಡವರ ಮನೆಯವರಿಗೆ ಮೊದಲ ಹಕ್ಕು. ತಮ್ಮನ ಹೆಂಡತಿ ತರಬೇತಿ ಮುಗಿಸಿದಳು. ಸೂಜಿಗೆ ದಾರ ಪೋಣಿಸಿದ ಕಣ್ಣು, ಪರದೆಯ ಮೇಲೆ ಕಾಗೆ ಕೂತರೂ ಕಾಣುತ್ತದೆ ಎನ್ನುತ್ತಾಳೆ.

ಉಗ್ರಾಣದವನು ಅವಳಿಗೆ ಹೊಸ ಬಿಲ್ಲೆ ಮಾಡಿಸಬೇಕೇ ಎಂದು ಕೇಳಿದ. ಬೇಡವೆಂದೆ. ತಮ್ಮನ ಕೊಕ್ಕೆಯಿಂದ ಅವನ ಬಿಲ್ಲೆಯನ್ನು ತೆಗೆದು ಅವಳ ಅಂಗೈಯಲ್ಲಿ ಇಟ್ಟೆ.

"ಕೊಡ್ತೀರಾ ಅತ್ತಿಗೆ?"

"ಕೊಡಲ್ಲ. ಸಂಜೆ ವಾಪಸು ತರ್ಬೇಕು."

ಡಿಸೆಂಬರ್ ೧೪

ಇವತ್ತು ದೀಪ ಹಾಕಿದರು.

ಗುಂಡಿ ಒತ್ತಲು ಇಲಾಖೆಯ ದೊಡ್ಡ ಅಧಿಕಾರಿಗಳು ಬಂದಿದ್ದರು. ಮುಂದೆ ಹಿಂದೆ ಕಾರುಗಳು. ಕಾವಲುಗಾರ ಈಗ ಬಲು ಗಟ್ಟಿ, ನನ್ನ ಗಂಟೆಯಿಲ್ಲದೆ ಅವನ ಅಪ್ಪ ಬಂದರೂ ಅಡ್ಡಗಂಬ ಎತ್ತುವುದಿಲ್ಲ. ಅಧಿಕಾರಿಗಳ ಸಹಾಯಕ ಕಿಟಕಿಗೆ ಬಂದು, "ಯಾರು ಬಂದಿರೋದು ಗೊತ್ತೇನಮ್ಮ?" ಎಂದ. "ಗೊತ್ತು. ಅದಕ್ಕೇ ಒಳ್ಳೇ ಬಿಲ್ಲೆ ತೆಗೆದಿಟ್ಟಿದೀನಿ," ಎಂದೆ. ದೊಡ್ಡವರು ತಾವೇ ಇಳಿದು ಬಂದು ತೆಗೆದುಕೊಂಡರು. ಬಂದ ಕಾರಣ ಕೇಳಿದೆ. ದೀಪ ಹಾಕಲು ಎಂದರು. ಬರೆದುಕೊಂಡೆ. ಅದರ ಮೇಲಿನ ಸಾಲಿನಲ್ಲಿ ಕ್ರೇನಜ್ಜನ ಕಾರಣವಿತ್ತು: "ಸೊಸೆ ಹಾಗಲಕಾಯಿ ತಂದಿದಾಳೆ." ದೊಡ್ಡವರು ಅದನ್ನು ಓದಿ ನಕ್ಕರು.

ಸೂರ್ಯ ಮುಳುಗಿದ ಮೇಲೆ ಹಳೆ ಧಕ್ಕೆಯಲ್ಲಿ ಎಲ್ಲರೂ ಸೇರಿದೆವು. ಹೊಸ ಹಲಗೆ, ಕೈಹಿಡಿ, ನೀರಿಗೆ ಇಳಿಯುವ ಏಣಿ, ನೀರಿಗೆ ಬಿದ್ದವರಿಗೆ ಎಸೆಯಲು ಕಂಬಕ್ಕೆ ತೂಗುಹಾಕಿದ ಕೆಂಪು ಬಿಳಿ ತೇಲುಬಳೆ. ದೊಡ್ಡವರು ಗುಂಡಿ ಒತ್ತಿದರು. ದೀಪಗಳು ಒಂದೊಂದಾಗಿ ಹತ್ತಿ ಧಕ್ಕೆಯ ತುದಿಯವರೆಗೆ ಓಡಿದವು. ನೀರಿನ ಒಳಗಿನ ಕಲ್ಲೂ ಕಂಡಿತು. ಹೊಸ ಗಸ್ತು ದೋಣಿ ಬೆಳಕಿನಲ್ಲಿ ಒಂದು ಸುತ್ತು ಹೊಡೆಯಿತು. ಗುಡುಗು ಏನು ಕೂಗಿದನೋ ತಿಳಿಯಲಿಲ್ಲ, ಎಲ್ಲರೂ ಕೂಗುತ್ತಿದ್ದರು. ನಾನೂ ಕೂಗಿದೆನಂತೆ. ತಮ್ಮನ ಹೆಂಡತಿ ಕ್ಯಾಮೆರಾದಲ್ಲಿ ನೋಡಿದಳಂತೆ, ನಂಬಲು ಆಗುವುದಿಲ್ಲ.

ಎಲ್ಲ ಮುಗಿದ ಮೇಲೆ ಕಿಟಕಿಗೆ ಬಂದು ಹಲಗೆ ನೋಡಿದೆ. ನನ್ನದು, ತಮ್ಮನ ಹೆಂಡತಿಯದು ಬಿಟ್ಟರೆ ಇನ್ನೂ ಒಂದು ಕೊಕ್ಕೆ ಖಾಲಿ. ದೊಡ್ಡವರದು. ಕಾರು ಗೇಟು ದಾಟಿ ಹೊರಟಿತ್ತು. ಸೆರಗು ಸಿಕ್ಕಿಸಿಕೊಂಡು ಓಡಿದೆ. ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ಸ್ವಾಮಿ, ನೀವು ಇನ್ನೂ ಒಳಗಿದೀರಿ ಅಂತ ಹಲಗೆ ಹೇಳ್ತಿದೆ. ಬಿಲ್ಲೆ ಕೊಡದಿದ್ರೆ ಇಷ್ಟೂ ಜನ ನಿಮ್ಮನ್ನ ಹುಡುಕ್ಬೇಕಾಗುತ್ತೆ."

ಅವರು ಕೋಟಿನ ಜೇಬಿನಿಂದ ಬಿಲ್ಲೆ ತೆಗೆದು ಎರಡೂ ಕೈಯಿಂದ ಕೊಟ್ಟರು. "ಹುಡುಕ್ತೀರಿ ಅಂತ ಗೊತ್ತಾಯ್ತಮ್ಮ," ಎಂದರು.

ಪಾಳಿ ಮುಗಿಸಿ ಬಂದ ತಮ್ಮನ ಹೆಂಡತಿ ತನ್ನ ಬಿಲ್ಲೆ ತಗುಲಿಸಿದಳು. ಕೊನೆಗೆ ನನ್ನದು. ಎಲ್ಲ ಬಿಲ್ಲೆಗಳೂ ಕೊಕ್ಕೆಯಲ್ಲಿ. ಎಲ್ಲರೂ ನಿಜವಾಗಿ ಮನೆಗೆ ಹೋಗಿದ್ದರು.

ನಾವಿಬ್ಬರೂ ಮಾತಾಡುತ್ತಾ ಬಂದೆವು. ಬೇಲಿಯ ಪಕ್ಕದಲ್ಲಿ ಎಷ್ಟು ಬೆಳಕೆಂದರೆ ಅವಳ ಸೀರೆಯ ಅಂಚಿನಲ್ಲಿ ಬಿಟ್ಟುಹೋದ ಹೊಲಿಗೆ ನನಗೆ ಕಂಡಿತು, ಹೇಳಿ ರೇಗಿಸಿದೆ. ಬೇಗ ಮನೆ ಸೇರಿದೆವು. ಕಡಲ ದಾರಿ ಇಷ್ಟು ಹತ್ತಿರ ಎನ್ನುವುದೇ ಮರೆತುಹೋಗಿತ್ತು.

ಡೈರಿಯಲ್ಲಿ ಪುಟಗಳು ಮುಗಿಯುತ್ತಾ ಬಂದವು. ಏಜೆಂಟರು ಬಂದರೆ ಹೇಳಬೇಕು, ಮುಂದಿನ ವರ್ಷದ್ದು ಸ್ವಲ್ಪ ದಪ್ಪನಾಗಿರಲಿ ಎಂದು.